ಇದೇನು ಅನ್ನಬ್ಯಾಡ್ರಿ, ಹೆಂಗಾತು ಅಂತ ಕೇಳ್ರಿ

ಸೋಮವಾರ, ಶುಕ್ರವಾರ ನಮ್ಮವ್ವ ಮನೆ ಸಾರಿಸುತ್ತಿದ್ದಳು. ಯಲಬುರ್ಗಾ ತಾಲ್ಲೂಕಿನ ನಮ್ಮೂರಲ್ಲಿ ಆಗ ಹೆಚ್ಚಿನ ಮನೆಗಳದು ಮಣ್ಣಿನ ನೆಲ. ಬುಟ್ಟಿಯಲ್ಲಿ ಹಸಿ ಸಗಣಿ, ಎರಡು ಬೊಗಸೆ ಎರೆಮಣ್ಣು, ಒಂದು ಚರಿಗೆ ನೀರು. ಒಳಗಿನ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಶುರು ಮಾಡಿದರೆ, ಸಾರಿಸಿದ ಜಾಗ ತುಳಿಯಬಾರದೆಂದು ಹಿಂದಹಿಂದಕ್ಕೆ ಸರಿಯುತ್ತ ಹೊಸ್ತಿಲಿಗೆ ಬಂದು ಮುಗಿಸುತ್ತಿದ್ದಳು. ಬಲಗೈ ಒಮ್ಮೆ ಬೀಸಿದರೆ ಒಂದು ಅರ್ಧಚಂದ್ರ. ಅದರ ಪಕ್ಕಕ್ಕೆ ಇನ್ನೊಂದು. ನೆಲ ಒಣಗಿದ ಮೇಲೆ ಮನೆ ತುಂಬ ಕಮಾನಿನ ಮೇಲೆ ಕಮಾನು, ಪ್ರತಿ ಕಮಾನಿನಲ್ಲೂ ಬೆರಳಿನ ಗೆರೆಗಳು.

ಅವ್ವ ಸಾರಿಸಿದ್ದೋ ಚಿಗವ್ವ ಸಾರಿಸಿದ್ದೋ ಎಂಬುದನ್ನು ನಾವು ಮಕ್ಕಳು ನೆಲ ನೋಡಿಯೇ ಹೇಳುತ್ತಿದ್ದೆವು. ಅವ್ವ ಎತ್ತರದವಳು, ಅವಳ ಕಮಾನು ದೊಡ್ಡದು. ಚಿಗವ್ವನದು ಸಣ್ಣದು, ಆದರೆ ಒತ್ತು ಹೆಚ್ಚು. ಒಳಗಿನ ಗೋಡೆಯ ಹತ್ತಿರದ ಗೆರೆಗಳು ಬಿಗಿಯಾಗಿದ್ದು, ಹೊಸ್ತಿಲ ಹತ್ತಿರ ಬರುತ್ತ ಸಡಿಲಾಗಿರುತ್ತಿದ್ದವು. ಅಷ್ಟೊತ್ತಿಗೆ ತೋಳು ಸೋತಿರುತ್ತಿತ್ತು. ಆ ನೆಲದಲ್ಲಿ ಹೂವಿರಲಿಲ್ಲ, ಹಕ್ಕಿಯಿರಲಿಲ್ಲ, ದೇವರಿರಲಿಲ್ಲ. ಆದರೂ ಒಬ್ಬ ಹೆಣ್ಣುಮಗಳ ಎತ್ತರ, ತೋಳಿನ ಅಳತೆ, ದಣಿವು, ಅವಸರ ಎಲ್ಲವೂ ಇದ್ದವು.

ನಾನು ಬಹಳ ವರ್ಷ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದೆ. ಹೆಚ್ಚಿನ ನೌಕರಿ ಕುಷ್ಟಗಿ ತಾಲ್ಲೂಕಿನಲ್ಲಿ, ಕಡೆಯ ಕೆಲವು ವರ್ಷ ಗಂಗಾವತಿಯಲ್ಲಿ. ಮಕ್ಕಳನ್ನು ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರಿಸಿದೆ, ಬಿಂದಿಗೆ, ಬದನೆಕಾಯಿ, ನಿಸರ್ಗಚಿತ್ರ ಬರೆಸಿದೆ. ಮನೆಗೆ ಬಂದ ಮೇಲೆ ನನಗಾಗಿ ಬರೆದದ್ದು ಮಾತ್ರ ಅಮೂರ್ತ ರೇಖಾಚಿತ್ರ. ಅದನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದೇನ್ರಿ ಅಕ್ಕೋರ?’ ಆ ಪ್ರಶ್ನೆಗೆ ಉತ್ತರವಿಲ್ಲ. ಅದರ ಬದಲಿಗೆ ‘ಇದು ಹೆಂಗಾತ್ರಿ?’ ಎಂದು ಕೇಳಿದರೆ ಒಂದು ಇಡೀ ದಿನ ಹೇಳುವಷ್ಟಿದೆ. ಈ ಬರಹ ಆ ಎರಡನೆಯ ಪ್ರಶ್ನೆಗೆ ನನ್ನ ಉತ್ತರ.

ಹೋಲಿಕೆಯ ಹೊರೆ ಇಳಿಸಿದ ಗೆರೆ

ಕುದುರೆ ಬರೆಯುವಾಗ ಗೆರೆ ಕುದುರೆಯ ಚಾಕರಿ ಮಾಡುತ್ತದೆ. ಬೆನ್ನು ಎಲ್ಲಿ ಬಾಗುತ್ತದೋ ಅಲ್ಲಿ ಅದೂ ಬಾಗಬೇಕು. ಹೋಲಿಕೆಯ ಈ ಹೊರೆಯನ್ನು ಇಳಿಸಿಬಿಟ್ಟರೆ ಉಳಿಯುವುದು ಮೂರು: ಗುರುತು ಬಿಡುವ ವಸ್ತು, ಗುರುತು ಹಿಡಿದುಕೊಳ್ಳುವ ಮೈ, ಇವೆರಡನ್ನೂ ಕೂಡಿಸುವ ಕೈ. ಅಮೂರ್ತ ರೇಖಾಚಿತ್ರ ಈ ಮೂರರ ನಡುವೆ ನಡೆದ ಘಟನೆಯ ದಾಖಲೆ. ಯುರೋಪಿನಲ್ಲಿ ಹಿಲ್ಮಾ ಆಫ್ ಕ್ಲಿಂಟ್ 1906ರಿಂದಲೂ, ಕ್ಯಾಂಡಿನ್‌ಸ್ಕಿ 1910ರ ಆಸುಪಾಸಿನಲ್ಲೂ ಈ ದಾರಿ ಹಿಡಿದರೆಂದು ಕಲೆಯ ಇತಿಹಾಸ ಹೇಳುತ್ತದೆ. ಹೋಲಿಕೆಯ ಹಂಗಿಲ್ಲದ ಗೆರೆಯನ್ನು ನಾನು ಮೊದಲು ಕಂಡದ್ದು ಅವ್ವನ ನೆಲದಲ್ಲಿ.

ಅದಕ್ಕೊಂದು ಹೆಸರುಂಟು ಎಂದು ತಿಳಿದದ್ದು ಟಿ.ಪಿ. ಅಕ್ಕಿಯವರು ಕಟ್ಟಿದ ಗದಗಿನ ವಿಜಯ ಕಲಾ ಮಂದಿರದಲ್ಲಿ ಓದುವಾಗ. ಗುರುಗಳೊಬ್ಬರು ಕೈಗೆ ಇದ್ದಿಲಿನ ತುಂಡು ಕೊಟ್ಟು, ಇವತ್ತು ಯಾವ ವಸ್ತುವನ್ನೂ ಬರೆಯಬೇಡ, ಇದ್ದಿಲಿಗೆ ಏನೇನು ಬರುತ್ತದೆ ಅಷ್ಟನ್ನು ನೋಡಿ ಬಾ ಎಂದರು. ಮೊನೆಯಿಂದ ಎಳೆದೆ, ಅಡ್ಡ ಮಲಗಿಸಿ ಎಳೆದೆ, ಒತ್ತಿದೆ, ತೇಲಿಸಿದೆ, ಮುರಿದೆ, ಪುಡಿ ಮಾಡಿ ಊದಿದೆ. ಸಂಜೆಗೆ ಹನ್ನೊಂದು ಹಾಳೆ ತುಂಬಿದ್ದವು. ಒಂದರಂತೆ ಒಂದಿರಲಿಲ್ಲ.

ಡಬ್ಬಿಯೊಳಗಿನ ಇದ್ದಿಲು

ಕುಷ್ಟಗಿ ಕಡೆಯ ಹಳ್ಳಿ ಶಾಲೆಯಲ್ಲಿ ಚಿತ್ರ ಬರೆಯುವ ಇದ್ದಿಲು ಎಲ್ಲಿ ಸಿಗಬೇಕು? ನಾವೇ ಸುಟ್ಟುಕೊಂಡೆವು. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹೊಲದ ತುಂಬ. ಬೆರಳುದ್ದಕ್ಕೆ ಕತ್ತರಿಸಿ, ಸಿಪ್ಪೆ ಸುಲಿದು, ಹಾಲಿನ ಪುಡಿಯ ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಬೇಕು. ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು. ಮುಚ್ಚಳ ಬಿಗಿದು ಕುಳ್ಳಿನ ಬೆಂಕಿಯಲ್ಲಿ ಇಟ್ಟರೆ ತುಸು ಹೊತ್ತಿನಲ್ಲಿ ತೂತಿನಿಂದ ಬಿಳಿ ಹೊಗೆ ಏಳುತ್ತದೆ. ಮೊದಲು ನೀರಿನ ಆವಿ, ಆಮೇಲೆ ಕಟ್ಟಿಗೆಯೊಳಗಿನ ಅನಿಲ. ಆ ಅನಿಲಕ್ಕೆ ಬೆಂಕಿ ತಗುಲಿ ತೂತಿನ ಬಾಯಲ್ಲಿ ಸಣ್ಣ ದೀಪದಂತೆ ಉರಿಯುತ್ತದೆ. ದೀಪ ಆರಿತೆಂದರೆ ಒಳಗೆ ಹೋಗುವುದೆಲ್ಲ ಹೋಗಿ ಇಂಗಾಲ ಉಳಿದಿದೆ ಎಂದರ್ಥ.

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಮೊದಲ ಸಲ ನಾನು ಡಬ್ಬಿ ಬಿಸಿಯಿರುವಾಗಲೇ ಮುಚ್ಚಳ ತೆಗೆದೆ. ಗಾಳಿ ಒಳನುಗ್ಗಿ ಅಷ್ಟೂ ಕಡ್ಡಿ ಕೆಂಪಗೆ ಹೊತ್ತಿಕೊಂಡವು. ಮಕ್ಕಳು ಕುಣಿದರು, ನನಗೆ ಉಳಿದದ್ದು ಒಂದು ಹಿಡಿ ಬೂದಿ. ಗಾಳಿ ಇಲ್ಲದೆ ಕಾದರೆ ಇದ್ದಿಲು, ಗಾಳಿ ಸಿಕ್ಕರೆ ಬೂದಿ. ಇದನ್ನು ಆ ಮಕ್ಕಳು ಪುಸ್ತಕದಲ್ಲಿ ಓದಿ ಕಲಿಯಬೇಕಾಗಲಿಲ್ಲ. ಎರಡನೆಯ ಸಲ ರಾತ್ರಿಯಿಡೀ ಆರಲು ಬಿಟ್ಟೆವು. ಇಟಲಿಯ ಚೆನ್ನೀನೋ ಚೆನ್ನೀನಿ ಸುಮಾರು 1400ರಲ್ಲಿ ಬರೆದ ಕಲಾವಿದರ ಕೈಪಿಡಿಯಲ್ಲೂ ಇದೇ ವಿಧಾನವಿದೆ. ವಿಲೋ ಮರದ ಕಡ್ಡಿಗಳನ್ನು ಮಣ್ಣಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ, ಸಂಜೆ ರೊಟ್ಟಿ ಸುಡುವವನ ಒಲೆಯಲ್ಲಿಟ್ಟು, ಬೆಳಗ್ಗೆ ತೆಗೆಯಬೇಕು ಎನ್ನುತ್ತಾನೆ ಅವನು. ಆರುನೂರು ವರ್ಷದ ಹಿಂದಿನ ಆ ಮಾತನ್ನು ಓದಿದಾಗ ನಮ್ಮ ಶಾಲೆಯ ಹಿಂದಿನ ಕುಳ್ಳಿನ ಬೆಂಕಿಯ ವಾಸನೆಯೇ ಮೂಗಿಗೆ ಬಂದಂತಾಯಿತು.

ತೊಗರಿಯ ಇದ್ದಿಲು ಹಗುರ, ಮೆದು, ದಟ್ಟ ಕಪ್ಪು. ನಮ್ಮ ದೇಶದಲ್ಲಿ ಮದ್ದಿನ ಪುಡಿಗೂ ತೊಗರಿ ಇದ್ದಿಲನ್ನು ಬಳಸುತ್ತಿದ್ದರು. ಹತ್ತಿ ಕಟ್ಟಿಗೆಯ ನಡುವೆ ಬೆಂಡು, ಹಾಗಾಗಿ ಅದರ ಗೆರೆ ಎರಡು ಅಂಚಿನಲ್ಲಿ ಕಪ್ಪಾಗಿ ನಡುವೆ ತೆಳುವಾಗಿ ಬೀಳುತ್ತದೆ. ನಮ್ಮ ಬಯಲಿಗೆಲ್ಲ ಹಬ್ಬಿರುವ ಬಳ್ಳಾರಿ ಜಾಲಿಯದು ಗಟ್ಟಿ ಇದ್ದಿಲು. ಒಲೆಗೆ ಒಳ್ಳೆಯದು, ಕಾಗದದ ಮೇಲೆ ಬೂದುಗೆರೆ ಗೀಚಿ ಕಿರುಗುಟ್ಟುತ್ತದೆ. ಒಂದೇ ಹಾಳೆಯಲ್ಲಿ ಮೂರನ್ನೂ ಎಳೆದರೆ ಮೂರು ಬೇರೆ ಬೇರೆ ಜನ ಮಾತಾಡಿದಂತೆ.

ಇದ್ದಿಲಿನಲ್ಲಿ ಅಂಟಿಲ್ಲ. ಕಾಗದವನ್ನು ಭೂತಗನ್ನಡಿಯಲ್ಲಿ ನೋಡಿದರೆ ತರಿತರಿಯಾದ ನಾರಿನ ಬಯಲು. ಇದ್ದಿಲಿನ ಚೂಪು ಕಣಗಳು ಆ ತಗ್ಗುಗಳಲ್ಲಿ ಕೂತುಕೊಳ್ಳುತ್ತವೆ, ಅಷ್ಟೇ. ಊದಿದರೆ ಹಾರುತ್ತವೆ. ಅದಕ್ಕೇ ನುಣುಪು ಕಾಗದ ಇದ್ದಿಲಿಗೆ ಆಗದು. ಪೆನ್ಸಿಲ್ಲಿನ ಸಂಗತಿ ಬೇರೆ. ಗ್ರಾಫೈಟು ಹಾಳೆ ಹಾಳೆಯಾಗಿ ಜಾರುವ ವಸ್ತು. ಚಪ್ಪಟೆ ಕಣಗಳು ಮಲಗಿಕೊಂಡು ಬೆಳಕನ್ನು ತಿರುಗಿಸುವುದರಿಂದ ಪೆನ್ಸಿಲ್ ಗೆರೆ ಹೊಳೆಯುತ್ತದೆ. ಇದ್ದಿಲಿನ ಒರಟು ಕಣ ಬೆಳಕನ್ನು ನುಂಗಿ ಮಂಕಾಗಿ ಕೂರುತ್ತದೆ. ಫ್ರಾನ್ಸಿನ ಕೋಂತೆ 1795ರಲ್ಲಿ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಇಂದಿನ ಪೆನ್ಸಿಲ್ ಕಡ್ಡಿ ಮಾಡಿದ. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ನಮ್ಮ ಮಕ್ಕಳ ಕಂಪಾಸಿನಲ್ಲಿರುವ ಪೆನ್ಸಿಲ್ ಕೂಡ ಸುಟ್ಟ ಮಣ್ಣೇ.

ಹಾರುವ ಇದ್ದಿಲನ್ನು ಹಿಡಿದು ನಿಲ್ಲಿಸಲು ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ, ಇಸ್ತ್ರಿಯವರು ನೀರು ಹೊಡೆಯುವ ಬಾಟಲಿಯಿಂದ ಮಂಜಿನಂತೆ ಸಿಂಪಡಿಸುತ್ತಿದ್ದೆವು. ಹಾಲಿನಲ್ಲಿರುವ ಪ್ರೋಟೀನು ಒಣಗಿದರೆ ತೆಳ್ಳನೆಯ ಅಂಟು. ವ್ಯಾನ್ ಗೋ ಕೂಡ ತನ್ನ ಪೆನ್ಸಿಲ್ ಚಿತ್ರಗಳು ಅಳಿಸದಿರಲೆಂದು, ಹೊಳಪು ಇಳಿಯಲೆಂದು ಅವುಗಳ ಮೇಲೆ ಹಾಲು ಹೊಯ್ಯುತ್ತಿದ್ದ.

ಗಂಗಾವತಿಗೆ ವರ್ಗವಾಗಿ ಬಂದಾಗ ಇನ್ನೊಂದು ಕಪ್ಪು ಸಿಕ್ಕಿತು. ಅದು ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಹೊಟ್ಟು ಸುಟ್ಟ ಕರಿಬೂದಿಯನ್ನು ಹಾಳೆಯ ಮೇಲೆ ಉಜ್ಜಿದಾಗ ಅದು ಕಾಗದವನ್ನೇ ಕೆರೆಯಿತು. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕ, ಅಂದರೆ ಮರಳಿನ ವಸ್ತು. ಬಣ್ಣ ಕೊಡುತ್ತಲೇ ಕೆರೆಯುವ ಕಪ್ಪು ಅದು. ಅದರಿಂದ ಬರೆದ ಚಿತ್ರದಲ್ಲಿ ಕಾಗದದ ನಾರು ಎದ್ದು ನಿಂತು ಮಳೆಗಾಲದ ಹುಲ್ಲಿನಂತೆ ಕಾಣುತ್ತದೆ. ಈ ಬೂದಿಯನ್ನು ಒದ್ದೆ ಮಾಡಿಯೇ ಬಳಸಬೇಕು, ಒಣಪುಡಿ ಉಸಿರಿನೊಳಗೆ ಹೋಗಬಾರದು.

ಮೋರೇರ ಗುಡ್ಡದ ಕೆಂಪು

ಗಂಗಾವತಿಯಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ಹಿರೇಬೆಣಕಲ್. ಗುಡ್ಡ ಹತ್ತಿದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಪುಟ್ಟ ಮನೆಗಳಂಥ ಶಿಲಾಸಮಾಧಿಗಳು. ಬೃಹತ್ ಶಿಲಾಯುಗದ ಸುಮಾರು 400 ಅವಶೇಷಗಳು ಅಲ್ಲಿವೆ. ಊರಿನವರಿಗೆ ಅದು ಮೋರೇರ ಗುಡ್ಡ. ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದ. 2021ರಲ್ಲಿ ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿತು. ಬಡಿದರೆ ನಗಾರಿಯಂತೆ ಸದ್ದು ಮಾಡುವ ದೊಡ್ಡ ಗುಂಡೊಂದೂ ಅಲ್ಲಿದೆ.

ಬಂಡೆಯ ಚಾಚಿನ ಕೆಳಗೆ ಕೆಂಪು ಚಿತ್ರಗಳಿವೆ. ಜಿಂಕೆ, ಗೂಳಿ, ಆಯುಧ ಹಿಡಿದ ಮನುಷ್ಯರು, ಕುಣಿಯುವವರು. ಅವುಗಳ ನಡುವೆಯೇ ಯಾವುದನ್ನೂ ಹೋಲದ ಗೆರೆ, ಚೌಕ, ವಿನ್ಯಾಸಗಳೂ ಇವೆ. ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಹೆಚ್ಚು ಹೊತ್ತು ನಿಲ್ಲಿಸುವುದು ಅಲ್ಲಿ. ‘ಇದೇನ್ರಿ ಅಕ್ಕೋರ?’ ಎಂದು ಕೇಳಿದ ಹುಡುಗನಿಗೆ, ‘ಬೆರಳಿನಿಂದ ಬರದಾರೊ, ಕಡ್ಡಿಯಿಂದ ಬರದಾರೊ? ಗೆರಿ ಎಲ್ಲಿಂದ ಶುರು ಆಗೈತಿ? ನೋಡಿ ಹೇಳಪಾ’ ಎಂದೆ. ಮುಟ್ಟಬಾರದು ಎಂದು ಮೊದಲೇ ಕಟ್ಟುಮಾಡಿದ್ದೆ. ಅವನು ಗಾಳಿಯಲ್ಲಿಯೇ ಬೆರಳಾಡಿಸಿ ಆ ಗೆರೆಯ ದಾರಿ ಹಿಡಿದ. ಬರೆದವರ ಎತ್ತರ ಎಷ್ಟಿದ್ದೀತು, ನಿಂತು ಬರೆದರೋ ಮಲಗಿ ಬರೆದರೋ ಎಂಬ ಮಾತಿಗೆ ಇಡೀ ತರಗತಿ ಇಳಿಯಿತು. ಅರ್ಧ ಗಂಟೆ ಯಾರೂ ‘ಇದೇನು’ ಎಂದು ಕೇಳಲಿಲ್ಲ.

ಆ ಕೆಂಪು ಕಬ್ಬಿಣದ್ದು. ಮಣ್ಣಿನಲ್ಲಿ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಆದ ವಸ್ತು. ನಾವು ಕೆಮ್ಮಣ್ಣು ಎನ್ನುತ್ತೇವೆ, ಗೋಡೆಗೆ ಬಳಿಯುವವರು ಹುರಮಂಜಿ ಎನ್ನುತ್ತಾರೆ. ಅದು ಈಗಾಗಲೇ ತುಕ್ಕು ಹಿಡಿದು ಮುಗಿದ ಕಬ್ಬಿಣ, ಇನ್ನು ಕೆಡಲು ಏನೂ ಉಳಿದಿಲ್ಲ. ಬಿಸಿಲಿಗೆ ಮಾಸದು. ಹೂವಿನ ಬಣ್ಣ, ಎಲೆಯ ಬಣ್ಣ ಕೆಲವೇ ದಿನದಲ್ಲಿ ಹಾರಿಹೋಗುವಾಗ ಈ ಕೆಂಪು ಎರಡು ಸಾವಿರ ವರ್ಷ ದಾಟಿ ನಿಂತದ್ದು ಅದಕ್ಕೇ. ಮಳೆ ತಾಕದ ಚಾಚು, ಬಣ್ಣ ಹಿಡಿಯುವ ತರಿಯುಳ್ಳ ಬಂಡೆ ಎರಡೂ ಅದಕ್ಕೆ ಜೊತೆಯಾದವು.

ಮನೆಯಲ್ಲಿ ಮಾಡಿ ನೋಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಬಾವಿ ತೋಡಿದಲ್ಲಿ ಕೆಲವೊಮ್ಮೆ ಹಳದಿ ಮಣ್ಣು ಬೀಳುತ್ತದೆ. ಅದನ್ನು ಕುಟ್ಟಿ, ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ಬಗ್ಗಡವನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ಒಣಗಿಸಿ. ನುಣ್ಣನೆಯ ಪುಡಿ ಸಿಗುತ್ತದೆ. ಹಳೆಯ ರೊಟ್ಟಿ ಹಂಚಿನ ಮೇಲೆ ಹಾಕಿ ಜೋರು ಉರಿಯಲ್ಲಿ ಕೈಯಾಡಿಸುತ್ತ ಹುರಿಯಿರಿ. ಹಳದಿ ಕಂದಾಗಿ, ಕಂದು ಕೆಂಪಾಗುತ್ತದೆ. ಹಳದಿ ಮಣ್ಣಿನ ಕಬ್ಬಿಣ ತನ್ನೊಳಗೆ ನೀರನ್ನು ಕಟ್ಟಿಕೊಂಡಿರುತ್ತದೆ, ಸುಮಾರು 300 ಡಿಗ್ರಿ ಕಾವಿಗೆ ಆ ನೀರು ಬಿಟ್ಟುಹೋಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಮೊದಲ ಸಲ ಇದು ನಡೆದಾಗ ನಾನು ಹಂಚು ಇಳಿಸುವುದನ್ನೂ ಮರೆತು ನೋಡುತ್ತ ನಿಂತಿದ್ದೆ.

ಎರಿ, ಮಸಾರಿ

ನಮ್ಮ ಕಡೆ ಹೊಲದ ಮಾತು ಬಂದರೆ ಮೊದಲು ಕೇಳುವುದು ‘ಎರಿನೋ ಮಸಾರಿನೋ?’ ಎಂದು. ಯಲಬುರ್ಗಾ, ಕುಕನೂರು ಕಡೆಯ ಕಪ್ಪು ಎರೆ, ಅದರ ಆಚೀಚೆ ಕೆಂಪು ಮಸಾರಿ. ಇವೆರಡನ್ನೂ ನಾನು ಹಾಳೆಯ ಮೇಲೆ ತಂದೆ. ಮಸಾರಿ ಸಾಧು. ಅಂಟು ಬೆರೆಸಿ ಬಳಿದರೆ ಬಳಿದಲ್ಲಿ ಇರುತ್ತದೆ. ಎರೆ ಹಾಗಲ್ಲ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬ್ಯಾಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದರಿಂದಲೇ. ಹಾಳೆಯ ಮೇಲೂ ಅದು ಬಾಯಿ ಬಿಟ್ಟಿತು. ರಾತ್ರಿ ನಾನು ಬಳಿದ ನುಣುಪು ಕಪ್ಪು ಪಟ್ಟಿ ಬೆಳಗಾಗುವಷ್ಟರಲ್ಲಿ ನೂರಾರು ಚೂರಾಗಿ ಒಡೆದು, ಅರ್ಧ ನೆಲಕ್ಕೆ ಉದುರಿತ್ತು.

ಮೊದಲು ಬಹಳ ಬೇಜಾರಾಯಿತು. ಆಮೇಲೆ ಹೊಳೆಯಿತು: ಒಡೆದ ಬಿರುಕೂ ಗೆರೆಯೇ, ಅದನ್ನು ಬರೆದದ್ದು ಮಣ್ಣು. ಪದರ ದಪ್ಪವಿದ್ದಲ್ಲಿ ಬಿರುಕುಗಳು ದೂರ ದೂರ, ಅಗಲ ಅಗಲ. ತೆಳುವಿದ್ದಲ್ಲಿ ಒತ್ತೊತ್ತಾಗಿ, ಕೂದಲಿನಷ್ಟು ಸಣ್ಣ. ದಪ್ಪ ತೆಳು ಮಾಡುವುದು ನನ್ನ ಕೈಯಲ್ಲಿದೆ, ಬಿರುಕು ಎಲ್ಲಿ ತಿರುಗಬೇಕೆಂಬುದು ಮಣ್ಣಿನ ಕೈಯಲ್ಲಿ. ಅಂದಿನಿಂದ ನಾವಿಬ್ಬರೂ ಕೂಡಿ ಬರೆಯುತ್ತೇವೆ.

ಉದುರದಂತೆ ಹಿಡಿಯುವುದಕ್ಕೆ ದಾರಿ ತೋರಿಸಿದ್ದು ಅವ್ವನ ಬುಟ್ಟಿ. ಎರೆಗೆ ಸಗಣಿ ಬೆರೆಸುತ್ತಿದ್ದಳಲ್ಲ, ಅದು ಯಾಕೆ? ಸಗಣಿಯಲ್ಲಿ ದನ ಅರಗಿಸಿಕೊಳ್ಳದೆ ಬಿಟ್ಟ ಹುಲ್ಲಿನ ಸಣ್ಣ ನಾರು ಇರುತ್ತದೆ. ಮಣ್ಣು ಕುಗ್ಗುವಾಗ ಆ ನಾರು ಎಳೆದು ಹಿಡಿಯುತ್ತದೆ. ಪುಡಿ, ನಾರು, ಅಂಟು ಮೂರೂ ಕೂಡಿದರೆ ಮೈ ನಿಲ್ಲುತ್ತದೆ. ಗೋಡೆಗೂ ಇದೇ ಲೆಕ್ಕ, ಚಿತ್ರಕ್ಕೂ ಇದೇ ಲೆಕ್ಕ.

ಹುಣಸೆ ಬೀಜದ ಸರಿ

ಈ ಲೆಕ್ಕವನ್ನು ಕಿನ್ನಾಳದ ಚಿತ್ರಗಾರರು ತಲೆತಲಾಂತರದಿಂದ ಬಲ್ಲರು. ಕೊಪ್ಪಳ ತಾಲ್ಲೂಕಿನ ಈ ಊರಿನ ಬಣ್ಣದ ಬೊಂಬೆ, ದೇವರ ಮೂರ್ತಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ಬರೆದವರು ತಮ್ಮ ಹಿರಿಯರೇ ಎಂಬುದು ಅವರ ಮನೆತನಗಳ ಮಾತು. ಬೊಂಬೆ ನೋಡುವವರು ಬಣ್ಣ ನೋಡುತ್ತಾರೆ. ನಾನು ಕೇಳಿದ್ದು ಬಣ್ಣದ ಕೆಳಗೇನಿದೆ ಎಂದು. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಸರಿಯೊಂದಿಗೆ ಕಲಸಿದರೆ ‘ಕಿಟ್ಟ’. ಹಗುರ ಮರದ ಮೂರ್ತಿಗೆ ಅದನ್ನು ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅದೇ ಸರಿಯಿಂದ ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿಯ ಲೇಪ. ಕುಂಚ ಮುಟ್ಟುವುದು ಇಷ್ಟೆಲ್ಲ ಆದ ಮೇಲೆ. ನಾರು ಎಳೆತ ತಡೆಯುತ್ತದೆ, ಕಲ್ಲಿನ ಪುಡಿ ಬಣ್ಣಕ್ಕೆ ತರಿ ಕೊಡುತ್ತದೆ, ಹುಣಸೆ ಬೀಜ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಹುಣಸೆ ಬೀಜವನ್ನು ಹುರಿದು, ನೆನೆಸಿ, ಕೆಂಪು ಸಿಪ್ಪೆ ತೆಗೆದು, ಅರೆದು ಕುದಿಸಿದರೆ ಲೋಳೆಯಂಥ ಸರಿ. ನಮ್ಮ ಕಂಬಳಿ ನೇಯುವವರು ನೂಲಿಗೆ ಕೊಡುವುದೂ ಇದನ್ನೇ. ಇನ್ನೂ ಹಳೆಯ ಬಳಕೆಯೊಂದಿದೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಅದರ ಹೆಸರು ಕಡತ. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಕಚೇರಿಯ ಫೈಲಿಗೆ ನಾವು ಇಂದೂ ಕಡತ ಎನ್ನುತ್ತೇವೆ, ಆ ಕಪ್ಪು ಬಟ್ಟೆಯನ್ನು ಕಂಡವರು ಕಡಿಮೆ.

ನಾನೊಂದು ಕಡತ ಮಾಡಿದೆ. ಹಳೆಯ ಧೋತರದ ತುಂಡು, ತೊಗರಿ ಇದ್ದಿಲು, ನಾಲ್ಕು ಸಲ ಬಳಿತ, ಪ್ರತಿ ಸಲಕ್ಕೂ ಒಂದು ಹಗಲಿನ ಬಿಸಿಲು. ಅದರ ಮೇಲೆ ಬಳಪ ಎಳೆದಾಗ ಬಂದ ಸದ್ದು ನನ್ನನ್ನು ಒಂದನೇ ಇಯತ್ತೆಯ ಪಾಟಿಗೆ ಒಯ್ದಿತು. ಬಿಳಿ ಹಾಳೆಯ ಮೇಲೆ ಕಪ್ಪು ಬರೆಯುವ ಕೈಗೆ ಕಪ್ಪಿನ ಮೇಲೆ ಬಿಳಿ ಬರೆಯುವುದು ಬೇರೆಯೇ ಕೆಲಸ. ಅಲ್ಲಿ ನೆರಳನ್ನು ಕೂಡಿಸುತ್ತ ಹೋಗುತ್ತೇವೆ, ಇಲ್ಲಿ ಬೆಳಕನ್ನು.

ತೆಗೆದು ಬರೆಯುವುದು

ಬಳಪ ಅತ್ಯಂತ ಮೆದು ಕಲ್ಲು, ಉಗುರಿನಿಂದ ಕೆರೆಯಬಹುದು. ಅದೇ ಜಾತಿಯ ಬಳಪದ ಕಲ್ಲಿನಲ್ಲಿ 1112ರಲ್ಲಿ ಇಟಗಿಯ ಮಹಾದೇವ ದೇವಾಲಯ ಎದ್ದಿತು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಆ ಗುಡಿಯ ಕಂಬಗಳಲ್ಲಿ ಉಳಿ ಕೂದಲೆಳೆಯಂಥ ಗೆರೆ ತೆಗೆದದ್ದು ಕಲ್ಲು ಮೆದುವಾಗಿದ್ದರಿಂದ. ಕೊಪ್ಪಳದ ಗವಿಮಠದ ಗುಡ್ಡಕ್ಕೆ, ಪಲ್ಲಕ್ಕಿ ಗುಂಡಿಗೆ ಹೋಗಿ ನೋಡಿ. ಅಲ್ಲಿ ಕಲ್ಲು ಗಟ್ಟಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನ ಬರೆದವನು ಕಲ್ಲಿನ ಮೈಯನ್ನು ಚೂರುಚೂರೇ ಎಬ್ಬಿಸಬೇಕಾಯಿತು. ಬ್ರಾಹ್ಮಿ ಲಿಪಿ ಓದಲು ಬಾರದ ನನಗೆ ಆ ಅಕ್ಷರಗಳು ಗೆರೆಗಳಷ್ಟೇ. ಓದಲು ಬಾರದಿರುವುದರಿಂದಲೇ ಉಳಿಯ ಪೆಟ್ಟು ಕಾಣುತ್ತದೆ.

ಇದ್ದಿಲಿನಲ್ಲೂ ತೆಗೆದು ಬರೆಯಬಹುದು. ಹಾಳೆ ತುಂಬ ಕಪ್ಪು ಉಜ್ಜಿ, ಎಣ್ಣೆ ಹಾಕದ ಗೋಧಿ ಕಣಕದ ಉಂಡೆಯಿಂದ ಒತ್ತಿ ಒತ್ತಿ ಬಿಳಿ ಎಬ್ಬಿಸುವುದು. ಯುರೋಪಿನಲ್ಲಿ ರಬ್ಬರ್ ಬರುವ ಮುಂಚೆ ಬ್ರೆಡ್ಡಿನ ತಿರುಳನ್ನು ಹೀಗೆ ಬಳಸುತ್ತಿದ್ದರು. ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟಿನ ಮೇಲೆ ತೆಳು ಹಾಳೆ ಹಾಸಿ ಇದ್ದಿಲು ಉಜ್ಜಿದರೆ ಇನ್ನೊಂದು ಬಗೆ. ಒರಟು ಕಲ್ಲಿನ ಹರಳೆಲ್ಲ ಹಾಳೆಯ ಮೇಲೆ ಎದ್ದು ಬರುತ್ತದೆ. ಕ್ವಾರಿಯಿಂದ ಬಂದ ದಿಮ್ಮಿಯ ಬದಿಯಲ್ಲಿ ಡ್ರಿಲ್ ಇಳಿದ ಉದ್ದ ತೋಡುಗಳು ಸಾಲಾಗಿ ಮೂಡುತ್ತವೆ. 1925ರಲ್ಲಿ ಮ್ಯಾಕ್ಸ್ ಅರ್ನ್‌ಸ್ಟ್ ಹಲಗೆ ನೆಲದ ಮೇಲೆ ಹೀಗೆ ಉಜ್ಜಿ ಹೊಸ ಹಾದಿ ಕಂಡ. ನಮ್ಮ ಮಕ್ಕಳು ಶಾಲೆಯ ಕಟ್ಟೆ, ಬಾಗಿಲು, ಬಸ್ ನಿಲ್ದಾಣದ ಚಪ್ಪಡಿ ಎಲ್ಲವನ್ನೂ ಉಜ್ಜಿ ತಂದರು. ಕ್ವಾರಿಯಲ್ಲಿ ದುಡಿಯುವ ಅಪ್ಪನ ಮಗನೊಬ್ಬ ತನ್ನ ಹಾಳೆಯಲ್ಲಿನ ಸಾಲು ತೋಡುಗಳನ್ನು ಎಣಿಸಿ, ‘ಇದು ನಮ್ಮಪ್ಪನ ಒಂದ್ ದಿನದ ಕೆಲಸ್ರಿ ಅಕ್ಕೋರ’ ಎಂದ. ಆ ಹಾಳೆ ಇಂದಿಗೂ ನನ್ನಲ್ಲಿದೆ.

ಮೈಯೇ ಕೈವಾರ

ಬೆರಳಿನಿಂದ ಬರೆದರೆ ಅಕ್ಷರದಷ್ಟು ಗೆರೆ. ಮಣಿಕಟ್ಟಿನಿಂದ ಬರೆದರೆ ಬಟ್ಟಲಿನಷ್ಟು. ಮೊಣಕೈಯಿಂದ ಮರದಷ್ಟು. ಭುಜದಿಂದ ಬರೆದರೆ ಅವ್ವನ ಕಮಾನು. ಪ್ರತಿ ಕೀಲೂ ಒಂದು ಕೈವಾರ. ನಾನು ದೊಡ್ಡ ಹಾಳೆಯನ್ನು ನೆಲಕ್ಕೆ ಹಾಸಿ ಕುಕ್ಕರಗಾಲಲ್ಲಿ ಕೂತು, ಹಿಂದಕ್ಕೆ ಸರಿಯುತ್ತ ಬರೆಯುತ್ತೇನೆ. ಉಸಿರು ಬಿಡುವಾಗ ಎಳೆದ ಗೆರೆ ಉದ್ದ, ನೇರ. ಉಸಿರು ಹಿಡಿದರೆ ಗೆರೆ ನಡುಗುತ್ತದೆ.

ನಸ್ರೀನ್ ಮೊಹಮದಿ ಎಂಬ ಕಲಾವಿದೆಯನ್ನು ಇಲ್ಲಿ ನೆನೆಯಬೇಕು. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, 1972ರಿಂದ ಬರೋಡದಲ್ಲಿ ಕಲಿಸಿದವರು. ಮಸಿ, ಪೆನ್ಸಿಲ್ ಮತ್ತು ನಕ್ಷೆಗಾರರ ಉಪಕರಣಗಳಿಂದ ಬಿಳಿ ಹಾಳೆಯ ಮೇಲೆ ತೆಳುವಾದ ನೇರ ಗೆರೆಗಳನ್ನು ಬರೆದರು. ನರರೋಗದಿಂದ ಮೈ ಹಿಡಿತ ತಪ್ಪುತ್ತ ಹೋದರೂ ಅವರ ಗೆರೆ ಬಿಗಿಯಾಗಿಯೇ ಉಳಿಯಿತು. 1990ರಲ್ಲಿ ತೀರಿಕೊಂಡರು. ಅವರ ಚಿತ್ರದ ಮುಂದೆ ‘ಇದೇನು’ ಎಂದು ಕೇಳಿ ಹೊರಟುಹೋದವರಿಗೆ ನಾಲ್ಕು ಗೆರೆ ಕಂಡಾವು. ಆ ಗೆರೆ ಎಂಥ ಮೈಯಿಂದ ಹೇಗೆ ಬಂತು ಎಂದು ಕೇಳಿದವರು ಅಲ್ಲಿಂದ ಕಾಲು ಕೀಳಲಾರರು.

ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ನಡೆದಾಗ, ಕೊಪ್ಪಳದ ಬಂಧುಗಳ ಮನೆಯ ಪಡಸಾಲೆಯಲ್ಲಿ ನನ್ನ ಚಿತ್ರಗಳನ್ನು ಗೋಡೆಗೆ ಆನಿಸಿ ಇಟ್ಟಿದ್ದೆ. ಜಾತ್ರೆಗೆ ಬಂದ ನೆಂಟರಲ್ಲಿ ವಯಸ್ಸಾದ ಒಬ್ಬ ಒಕ್ಕಲಿಗರಿದ್ದರು, ಕುಕನೂರು ಕಡೆಯವರು. ಎರೆಮಣ್ಣಿನ ಚಿತ್ರದ ಮುಂದೆ ಕೂತರು. ನಾನು ಎಂದಿನ ಪ್ರಶ್ನೆಗೆ ಸಿದ್ಧಳಾದೆ. ಅವರು ಹೆಬ್ಬೆರಳನ್ನು ಹಾಳೆಯ ಹತ್ತಿರ ಹಿಡಿದು ಒಂದು ಬಿರುಕಿನ ಜಾಡಿನಲ್ಲಿ ನಿಧಾನಕ್ಕೆ ಸಾಗಿಸಿದರು.

‘ಎರಿ ಐತಿ ಇದು. ಇಲ್ಲಿ ದಪ್ಪ ಬಳದೀಯವಾ, ಸೀಳು ಅಗಲ ಬಂದಾವ. ಇಲ್ಲಿಗೆ ಬರೂದ್ರಾಗ ಕೈಯಾನ ಮಣ್ಣು ತೀರೇತಿ, ಸಣ್ಣ ಸಣ್ಣ ಒಡದೈತಿ. ಈ ಕಡಿಂದ ಶುರು ಮಾಡಿ ಆ ಕಡಿಗೆ ಹ್ವಾದೀ, ಹೌದಿಲ್ಲೊ?’

‘ಹೌದ್ರಿ ಯಜ್ಜಾ,’ ಎಂದೆ.

‘ಹಿಂದಕ್ಕ ಸರಕೋತ ಬಳದೀ.’

ಅದಕ್ಕೂ ಹೌದೆಂದೆ. ಅವರು ಮತ್ತೇನೂ ಕೇಳಲಿಲ್ಲ. ಪಕ್ಕದ ಚಿತ್ರದ ಮುಂದೆ ಸರಿದು ಕೂತು, ಕಣ್ಣು ಕಿರಿದು ಮಾಡಿ, ಅದರ ಮೊದಲ ಗೆರೆ ಯಾವುದೆಂದು ಹುಡುಕತೊಡಗಿದರು.